ಬಾಡಿ ಬೇಕು ಸರಿ, ಗುರು ಎಂಥವನು ಬೇಕು?

ಹೀರೋ ಶರ್ಟ್ ಬಿಚ್ಚಿದ ಪಿಕ್ಚರ್ ಒಂದು ಬಿಡುಗಡೆಯಾದರೆ ಸಾಕು, ಮರುವಾರ ನನಗೆ ಬರುವ ಪತ್ರಗಳ ವರಸೆಯೇ ಬದಲಾಗುತ್ತದೆ. ಕಥೆ ಹೇಗಿತ್ತು, ಹಾಡು ಹೇಗಿತ್ತು ಅಂತ ಕೇಳುವವರು ಒಬ್ಬರೂ ಇಲ್ಲ. "ಸಾರ್, ಅವರ ಟ್ರೈನರ್ ಯಾರು? ಆನ್‌ಲೈನಲ್ಲಿ ಸಿಗ್ತಾರಾ? ಎಷ್ಟು ದುಡ್ಡು?" ಇಷ್ಟೇ!

ಸಿಗ್ತಾರೆ ಗುರುವೇ, ಸಿಗ್ತಾರೆ. ದುಡ್ಡು ಕೊಟ್ಟರೆ ಇವತ್ತು ಯಾರು ತಾನೇ ಸಿಗಲ್ಲ? ಆದರೆ ಹೀರೋಗೆ ಸಿಕ್ಕಿದ್ದೇ ನಿನಗೂ ಸಿಗುತ್ತದೆ ಅಂದುಕೊಂಡರೆ ಅಲ್ಲೇ ಇಂಟರ್ವಲ್. 2016ರ ‘ದಂಗಲ್’ ನೆನಪಿದೆಯಲ್ಲ? ಆಮಿರ್ ಖಾನ್ ಆ ಪಾತ್ರಕ್ಕಾಗಿ 97 ಕಿಲೋವರೆಗೆ ತೂಕ ಏರಿಸಿಕೊಂಡರು. ವಯಸ್ಸಾದ ಪೈಲ್ವಾನನ ಭಾಗದ ಶೂಟಿಂಗ್ ಮೊದಲು ಮುಗಿಸಿ, ಆಮೇಲೆ ತಿಂಗಳುಗಟ್ಟಲೆ ಮೈ ದಂಡಿಸಿ ಇಳಿಸಿ, ಪ್ರಾಯದ ಪೈಲ್ವಾನನಾದರು. ಪಕ್ಕದಲ್ಲಿ ಟ್ರೈನರ್, ಊಟ ಅಳೆದು ಕೊಡುವವರು ಬೇರೆ. ಆ ತಿಂಗಳುಗಳಲ್ಲಿ ಮೈ ಕಟ್ಟುವುದೇ ಅವರ ಉದ್ಯೋಗ! ಹಾಲಿವುಡ್ಡಿನ ಕುಮೈಲ್ ನಂಜಿಯಾನಿ 2019ರ ಡಿಸೆಂಬರಿನಲ್ಲಿ ‘ಎಟರ್ನಲ್ಸ್’ ಚಿತ್ರಕ್ಕೆ ತಯಾರಾದ ತನ್ನ ಮೈಕಟ್ಟಿನ ಫೋಟೋ ಹಾಕಿದಾಗ ಒಂದು ಮಾತನ್ನು ತಾನೇ ಬಿಚ್ಚಿ ಹೇಳಿದ. ದೊಡ್ಡ ಸ್ಟುಡಿಯೋ ಒಂದು ವರ್ಷ ಟ್ರೈನರ್‌ಗಳಿಗೂ ಆಹಾರ ತಜ್ಞರಿಗೂ ದುಡ್ಡು ಕೊಟ್ಟಿತು, ಇಲ್ಲದಿದ್ದರೆ ನನ್ನಿಂದ ಆಗುತ್ತಿರಲಿಲ್ಲ ಅಂತ. ಇಷ್ಟು ಧೈರ್ಯವಾಗಿ ಹೇಳುವ ನಟರು ಎಲ್ಲ ಕಡೆಯೂ ಕಮ್ಮಿಯೇ.

ಆದ್ದರಿಂದ ಹೀರೋನ ಕೋಚ್ ಯಾರು ಅನ್ನುವುದನ್ನು ಪಕ್ಕಕ್ಕಿಡಿ. ನಿಮ್ಮಲ್ಲಿ ಏನು ಕಮ್ಮಿ ಇದೆ? ಅದನ್ನು ಮೊದಲು ಹೇಳಿ. ಆನ್‌ಲೈನ್ ಕೋಚಿಂಗ್ ಅಂತ ಒಂದೇ ಹೆಸರಿನಲ್ಲಿ ಮೂರು ನಾಲ್ಕು ಬೇರೆ ಬೇರೆ ಸಾಮಾನು ಮಾರುತ್ತಾರೆ. ಬರೆದಿಟ್ಟ ಪ್ಲಾನ್ ಒಂದು. ಅದು ಸಿನಿಮಾ ರೀಲ್ ಇದ್ದ ಹಾಗೆ, ಹೊಸಪೇಟೆಯಲ್ಲೂ ಅದೇ, ಹುಣಸೂರಿನಲ್ಲೂ ಅದೇ. ಇನ್ನೊಂದು ವಿಡಿಯೋ ಕಾಲಿನ ಗುಂಪು ಕ್ಲಾಸು. ಮೂವತ್ತು ಜನ ಮೂವತ್ತು ಪುಟ್ಟ ಚೌಕದಲ್ಲಿ ಕುಣಿಯುತ್ತಿರುತ್ತಾರೆ, ಅದರಲ್ಲಿ ನಿಮ್ಮ ಸೊಂಟ ಬಗ್ಗಿದ್ದು ಯಾರಿಗೆ ಕಾಣಬೇಕು? ಮತ್ತೊಂದು, ನಿಮಗೊಬ್ಬರಿಗೇ ಪ್ಲಾನ್ ಬರೆದು, ವಾರಕ್ಕೊಮ್ಮೆ ತೂಕ, ಸೊಂಟದ ಅಳತೆ, ನಿದ್ದೆಯ ಲೆಕ್ಕ ಕೇಳಿ, ಪ್ಲಾನ್ ತಿದ್ದುವ ಬಗೆ. ಕೊನೆಯದು ನೀವು ಎತ್ತುವಾಗಲೇ ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಬಗೆ. ಇದು ಎಲ್ಲಕ್ಕಿಂತ ದುಬಾರಿ. ಆಗಲೇಬೇಕು, ಅವನ ಒಂದು ಗಂಟೆ ನಿಮ್ಮೊಬ್ಬರಿಗೇ ಹೋಯಿತಲ್ಲ!

ಈಗ ಪತ್ರಗಳಿಗೆ ಬರೋಣ.

ಹಾಸನದ ಕಡೆಯ ತಮ್ಮನೊಬ್ಬ, ಮೊಬೈಲ್ ಅಂಗಡಿಯಲ್ಲಿ ಕೆಲಸ, ಕಡ್ಡಿ ಪೈಲ್ವಾನ್ ಅಂತ ತನ್ನನ್ನು ತಾನೇ ಕರೆದುಕೊಂಡಿದ್ದಾನೆ. ಹುಟ್ಟಿದಾಗಿನಿಂದ ಕಬ್ಬಿಣ ಮುಟ್ಟಿದವನಲ್ಲ. ಸ್ಟಾರ್ ಟ್ರೈನರ್ ಒಬ್ಬರ ಮೂರು ತಿಂಗಳ ಆನ್‌ಲೈನ್ ಕೋರ್ಸಿಗೆ 12,000 ರೂಪಾಯಿ ಕಟ್ಟಲಾ ಅಂತ ಕೇಳಿದ್ದಾನೆ. ಸಾಲ ಮಾಡಿ ಕಟ್ಟುತ್ತಾನಂತೆ!

ತಮ್ಮಾ, ಬೇಡ. ನಿನಗೆ ಕಮ್ಮಿ ಇರುವುದು ಪ್ಲಾನ್ ಅಲ್ಲ, ನಿನ್ನನ್ನು ನೋಡುವ ಎರಡು ಕಣ್ಣು. ಬಸ್ಕಿ ಹೊಡೆಯುವಾಗ ಮಂಡಿ ಒಳಕ್ಕೆ ವಾಲುತ್ತದಾ, ನೆಲದಿಂದ ಭಾರ ಎತ್ತುವಾಗ ಬೆನ್ನು ಬಿಲ್ಲಾಗುತ್ತದಾ, ಇದು ನಿನಗೆ ನೀನೇ ಕಾಣಲ್ಲ. ಗರಡಿ ಮನೆಯಲ್ಲಿ ಉಸ್ತಾದ ಬೆನ್ನ ಮೇಲೆ ಕೈಯಿಟ್ಟು ಒತ್ತಿ ತೋರಿಸುತ್ತಿದ್ದನಲ್ಲ, ಆ ಕೈ ಫೋನಿನಿಂದ ಹೊರಗೆ ಬರಲ್ಲ. ಎರಡು ಮೂರು ತಿಂಗಳು ನಿಮ್ಮೂರ ಜಿಮ್ಮಿಗೇ ಹೋಗು. ಎ.ಸಿ. ಇಲ್ಲದಿದ್ದರೂ ಚಿಂತೆಯಿಲ್ಲ, ಕಲಿಸುವವನು ತಾಳ್ಮೆಯವನಾಗಿರಲಿ. ಊರಲ್ಲಿ ಅಂಥವನೇ ಇಲ್ಲ ಅಂದರೆ ಮಾತ್ರ ಕ್ಯಾಮೆರಾದಲ್ಲಿ ನೋಡಿ ತಿದ್ದುವ ಕೋಚ್. ಆಗಲೂ ಮೊದಲ ಪ್ರಶ್ನೆ ಇದು: "ನನ್ನ ವಿಡಿಯೋ ನೋಡೋರು ನೀವೇನಾ, ನಿಮ್ಮ ಅಸಿಸ್ಟೆಂಟಾ?" ಪೋಸ್ಟರಿನಲ್ಲಿ ಹೀರೋ, ಫೈಟಿನಲ್ಲಿ ಡ್ಯೂಪ್ ಅನ್ನುವುದು ನಮ್ಮ ಲೈನಿನಲ್ಲಷ್ಟೇ ಇರುವ ಪದ್ಧತಿಯಲ್ಲ.

ಉಳಿದ ದುಡ್ಡಲ್ಲಿ ಮೊಟ್ಟೆ, ಕಡಲೆಕಾಳು, ಹಾಲು. ಒಂದು ಮೊಟ್ಟೆಯಲ್ಲಿ ಹೆಚ್ಚುಕಮ್ಮಿ 6 ಗ್ರಾಂ ಪ್ರೋಟೀನ್ ಇರುತ್ತದೆ. ಮೈ ಬೆಳೆಸಲು ಪ್ರೋಟೀನ್ ಪುಡಿಯ ಹಿಂದೆ ಬೀಳಬೇಡಿ ಅಂತ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಆಹಾರ ಮಾರ್ಗಸೂಚಿಯಲ್ಲೇ ಹೇಳಿದೆ. ಇನ್ನು, ಇಂಜೆಕ್ಷನ್ ಹೆಸರು ಬರೆದು ವಾಟ್ಸಾಪ್ ಮಾಡುವ ಕೋಚ್ ಸಿಕ್ಕರೆ ಅವನ ನಂಬರ್ ಬ್ಲಾಕ್ ಮಾಡಿ ಆಮೇಲೆ ಊಟಕ್ಕೆ ಕೂತುಕೋ.

ಬೆಂಗಳೂರು ಪೀಣ್ಯದ ಫ್ಯಾಕ್ಟರಿ ಹುಡುಗನ ಕಥೆಯೇ ಬೇರೆ. ಮೂರು ವರ್ಷದ ಅನುಭವ, ಎಲ್ಲ ಕಸರತ್ತೂ ಬಾಯಿಪಾಠ. ಆದರೆ ಪ್ರತಿ ತಿಂಗಳು ಒಂದನೇ ತಾರೀಖು ಶುರು, ಎಂಟಕ್ಕೆ ಪ್ಯಾಕಪ್! ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಇವನು ಬೆಳಿಗ್ಗೆ ಆರು ಗಂಟೆಯ ಲೈವ್ ಕ್ಲಾಸಿಗೆ ದುಡ್ಡು ಕಟ್ಟಿ ಕೂತಿದ್ದಾನೆ. ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ತೂಕಡಿಸುವ ಹೊತ್ತಿಗೆ ಅಲ್ಲಿ "ಜಂಪ್! ಜಂಪ್!" ಅಂತಿರುತ್ತಾರೆ. ನಿನಗೆ ವಿದ್ಯೆ ಬೇಡ ಮಾರಾಯ, "ನಿನ್ನೆ ಯಾಕೆ ಮಾಡಲಿಲ್ಲ?" ಅಂತ ಕೇಳುವ ಒಬ್ಬ ಬೇಕು. ವಾರಕ್ಕೊಮ್ಮೆ ಲೆಕ್ಕ ಕೇಳಿ, ರಾತ್ರಿ ಪಾಳಿಯ ವಾರಕ್ಕೆ ಮೂರೇ ದಿನದ ಪ್ಲಾನ್ ಬರೆಯುವ ಕೋಚ್ ನಿನಗೆ ಸರಿ. ಅವನು ಪ್ರಸಿದ್ಧನಾಗಿರಬೇಕಿಲ್ಲ, ಫೋನ್ ಎತ್ತುವವನಾಗಿದ್ದರೆ ಸಾಕು.

ದುಬೈಯಿಂದ ಬರೆದ ಉಡುಪಿಯ ಡ್ರೈವರ್ ಅಣ್ಣನಿಗೆ ಒಂದೇ ಮಾತು. ನಿಮಗೆ ಕಸರತ್ತೂ ಗೊತ್ತು, ಶಿಸ್ತೂ ಇದೆ. ಬರೆದಿಟ್ಟ ಪ್ಲಾನೇ ಸಾಕು, ಹೆಚ್ಚಿಗೆ ಕೊಡಬೇಡಿ. ಊಟದ ಪಟ್ಟಿ ಮಾತ್ರ ಕನ್ನಡದವರಿಂದಲೇ ಬರೆಸಿ. ಕುಚ್ಚಲಕ್ಕಿ ಗಂಜಿ, ಮೀನು ಸಾರು ಕಂಡವನಿಗೆ ಮೂರು ಹೊತ್ತೂ ಬ್ರೊಕೊಲಿ ಬರೆದರೆ ಎಷ್ಟು ದಿನ ನಡೆದೀತು?

ಕೊನೆಯ ಪತ್ರ ನಾನು ಎರಡು ಸಲ ಓದಿದ್ದು. ಊರ ಹೆಸರು ಬರೆಯುವುದಿಲ್ಲ. ವಯಸ್ಸು 26, ತೂಕ 98 ಕಿಲೋ. ನಾಲ್ಕು ತಿಂಗಳಲ್ಲಿ ಮದುವೆ. ಮೂರು ತಿಂಗಳಲ್ಲಿ 25 ಕಿಲೋ ಇಳಿಸಿಕೊಡುತ್ತೇನೆ ಅಂತ ಆನ್‌ಲೈನ್ ಕೋಚ್ ಒಬ್ಬ ಹೇಳಿದ್ದಾನೆ, ಮೊದಲ ದಿನದಿಂದಲೇ ಉಸಿರು ಕಟ್ಟುವ ಓಟ. ಪತ್ರದ ಕೊನೆಗೆ, ಏನೋ ಮರೆತಿದ್ದನ್ನು ಸೇರಿಸಿದ ಹಾಗೆ, ಎರಡು ಸಾಲು: ಮೆಟ್ಟಿಲು ಹತ್ತಿದರೆ ಎದೆ ಹಿಡಿದ ಹಾಗಾಗುತ್ತದೆ, ತಂದೆ 44ಕ್ಕೇ ಹೃದಯಾಘಾತದಲ್ಲಿ ಹೋದರು.

ಸ್ನೇಹಿತಾ, 2021ರ ಅಕ್ಟೋಬರ್ 29 ಅನ್ನುವ ತಾರೀಖನ್ನು ನಾನು ನಿನಗೆ ನೆನಪಿಸಬೇಕಾಗಿಲ್ಲ. ನಮ್ಮ ಅಪ್ಪುಗೆ ಆಗ 46. ಅದಾದ ದಿನಗಳಲ್ಲಿ ಬೆಂಗಳೂರಿನ ಜಯದೇವ ಆಸ್ಪತ್ರೆಯಲ್ಲಿ ಎದೆ ತೋರಿಸಲು ಬಂದವರ ಸಾಲೇ ಸಾಲು. ವ್ಯಾಯಾಮವೇ ಖಳನಾಯಕ ಅಂತ ಆಗ ಊರೆಲ್ಲ ಮಾತು. ನಾನು ಹಾಗೆ ಹೇಳುವವನಲ್ಲ. ವ್ಯಾಯಾಮ ಹೃದಯಕ್ಕೆ ಒಳ್ಳೆಯದೇ, ವಾರಕ್ಕೆ 150 ನಿಮಿಷವಾದರೂ ಮೈ ಆಡಲಿ ಅಂತ ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಆದರೆ ನೀನು ಬರೆದ ಆ ಎರಡು ಸಾಲು ಕೋಚ್ ಓದುವ ಸಾಲಲ್ಲ, ಡಾಕ್ಟರ್ ಓದುವ ಸಾಲು.

ಪಿಯುಸಿ ಅರ್ಧಕ್ಕೆ ಬಿಟ್ಟ ನಾನು ವೈದ್ಯ ಮಾಡಲು ಹೊರಟಿಲ್ಲ. ಇಷ್ಟು ಮಾತ್ರ ಗೊತ್ತು. ಕೆನಡಾದಲ್ಲಿ ಹುಟ್ಟಿದ ಪಾರ್-ಕ್ಯೂ ಅನ್ನುವ ಏಳು ಪ್ರಶ್ನೆಗಳ ಪಟ್ಟಿ ಇದೆ. ಎದೆ ನೋಯುತ್ತದಾ, ತಲೆ ಸುತ್ತಿ ಬಿದ್ದಿದ್ದೀಯಾ, ಬಿ.ಪಿ. ಇದೆಯಾ, ಮಾತ್ರೆ ತಗೋತೀಯಾ... ಹೀಗೆ. ಕಸುಬು ಬಲ್ಲ ಕೋಚ್ ಒಂದು ಬಸ್ಕಿ ಹೊಡೆಸುವ ಮೊದಲು ಇಂಥ ಪಟ್ಟಿ ಕೈಗೆ ಕೊಡುತ್ತಾನೆ. ಒಂದಕ್ಕೆ ‘ಹೌದು’ ಬಂದರೂ ಡಾಕ್ಟರ್ ಕಂಡು ಬಾ ಅನ್ನುತ್ತಾನೆ. ನಿನ್ನ ಕೋಚ್ ಕೇಳಿದ್ದು ತೂಕ, ಎತ್ತರ, ಯುಪಿಐ ನಂಬರು! ಮೇಲಾಗಿ, ವಾರಕ್ಕೆ ಅರ್ಧದಿಂದ ಒಂದು ಕಿಲೋ ಇಳಿಯುವುದೇ ಸಾಮಾನ್ಯವಾಗಿ ಒಪ್ಪಿದ ಲೆಕ್ಕ. ಮೂರು ತಿಂಗಳಿಗೆ ಹದಿಮೂರು ವಾರ. 25 ಕಿಲೋ ಎಲ್ಲಿಂದ ಬಂತು, ನೀನೇ ಗುಣಿಸಿ ನೋಡು.

ಈ ಸಂಚಿಕೆ ನಿನ್ನ ಕೈಗೆ ಬಂದ ದಿನವೇ ತಾಲೂಕು ಆಸ್ಪತ್ರೆಗೆ ಹೋಗು. ಇ.ಸಿ.ಜಿ., ಬಿ.ಪಿ., ಸಕ್ಕರೆ ನೋಡಿಸು. ತಂದೆಯ ವಿಷಯ ಡಾಕ್ಟರ್ ಕೇಳುವ ಮೊದಲು ನೀನೇ ಹೇಳು. ದೊಡ್ಡ ಪರೀಕ್ಷೆ ಬೇಕು ಅಂದರೆ ಜಯದೇವ ಬೆಂಗಳೂರಿನಲ್ಲಷ್ಟೇ ಅಲ್ಲ, ಮೈಸೂರು, ಕಲಬುರಗಿಯಲ್ಲೂ ಇದೆ. ಅಷ್ಟರಲ್ಲಿ ಸುಮ್ಮನೆ ಕೂತಾಗಲೇ ಎದೆ ನೋವು ಬಂತು, ಬೆವರು ಕಿತ್ತು ಬಂತು ಅಂದರೆ ನಾಳೆ ಅನ್ನಬೇಡ, 108ಕ್ಕೆ ಫೋನ್ ಮಾಡು. ಮದುವೆ ಹುಡುಗಿಗೆ ಈ ವಿಷಯ ಹೇಳಲು ನಾಚಿಕೆಯಾಗುತ್ತದೆ ಅಂತ ಬರೆದಿದ್ದೀಯ. ಹೇಳು ಮಾರಾಯ. ಆಸ್ಪತ್ರೆಗೆ ಜೊತೆಗೆ ಬಂದರೂ ಬಂದಾಳು.

ರಿಪೋರ್ಟ್ ಬಂದ ಮೇಲೆ ನನಗೊಂದು ಕಾಗದ ಹಾಕು. ಡಾಕ್ಟರ್ ಯಾವ ವ್ಯಾಯಾಮಕ್ಕೆ ಸರಿ ಅಂದರು, ಯಾವುದಕ್ಕೆ ಬೇಡ ಅಂದರು, ಅದನ್ನೂ ಬರಿ. ನಿನಗೆ ಎಂಥ ಕೋಚ್ ಬೇಕು ಅನ್ನುವುದನ್ನು ಆಗ ಮಾತಾಡೋಣ.