ಶರದೃತುವೂ ನಮ್ಮ ರಸ್ತೆಗಳೂ

ಋತುಗಳಲ್ಲಿ ಶರದೃತುವಿಗೆ ಬಂದಷ್ಟು ಒಳ್ಳೆಯ ಹೆಸರು ಮತ್ತಾವುದಕ್ಕೂ ಬಂದಿಲ್ಲ. ಬೇಸಗೆಯನ್ನು ಶಪಿಸುವವರುಂಟು, ಮಳೆಗಾಲವನ್ನು ಹಳಿಯುವವರುಂಟು. ಆಶ್ವಯುಜ ಕಾರ್ತಿಕಗಳನ್ನು ಬೈದವರನ್ನು ನಾನು ಕಾಣೆ. ನಮ್ಮ ಹಾಸನದ ಸೀಮೆಯಲ್ಲಂತೂ ವರ್ಷಕ್ಕೊಮ್ಮೆ ಹಾಸನಾಂಬೆಯ ಗುಡಿಯ ಬಾಗಿಲು ತೆರೆಯುವುದು ಈ ದಿನಗಳಲ್ಲೇ, ದೀಪಾವಳಿ ಬರುವುದೂ ಈ ದಿನಗಳಲ್ಲೇ. ಮುಂಗಾರು ಹಿಂದೆಗೆದು ಆಕಾಶ ತೊಳೆದಿಟ್ಟಂತೆ ತೋರುತ್ತದೆ. ಆದರೂ ದಿನವೂ ಹಳ್ಳಿಯಿಂದ ಕಾಲೇಜಿಗೆ ಬಂದು ಹೋಗುವ ನಾನು, ಈ ಸಾಧು ಋತುವಿನ ಮೇಲೆಯೇ ಒಂದು ದೂರನ್ನು ವಾಚಕರ ಮುಂದಿಡಬೇಕಾಗಿದೆ.

ಜಡಿಮಳೆಯಲ್ಲಿ ಯಾರೂ ಮೈಮರೆತು ವಾಹನ ಓಡಿಸುವುದಿಲ್ಲ. ಶರತ್ಕಾಲವಾದರೋ ನಮ್ಮನ್ನು ಮೈಮರೆಸುತ್ತದೆ. ನಾವು ಮೆಚ್ಚುವ ಆ ತಿಳಿಯಾದ ಆಕಾಶವೇ ಬೆಳಗಿನ ಮಂಜಿಗೂ ಕಾರಣ. ರಾತ್ರಿ ಮೋಡವಿಲ್ಲದಿದ್ದರೆ ನೆಲದ ಕಾವು ತಡೆಯಿಲ್ಲದೆ ಮೇಲಕ್ಕೆ ಹೋಗಿಬಿಡುತ್ತದೆ. ಮಳೆಗಾಲದ ತೇವ ಇನ್ನೂ ಆರದ ನೆಲದ ಮೇಲಿನ ಗಾಳಿ ತಣ್ಣಗಾಗಿ, ಅದರಲ್ಲಿನ ಆವಿ ಮಂಜಾಗುತ್ತದೆ. ಕೆರೆಯ ಏರಿ, ಹಳ್ಳದ ಸೇತುವೆ, ತಗ್ಗಿನ ತಿರುವು ಇವೇ ಅದರ ಬೀಡುಗಳು. ಗಂಟೆಗೆ ೬೦ ಕಿಲೋಮೀಟರು ವೇಗದಲ್ಲಿ ಹೋಗುವ ಬೈಕು ಒಂದು ಸೆಕೆಂಡಿಗೆ ಸುಮಾರು ೧೭ ಮೀಟರು ಸಾಗುತ್ತದೆ. ೨೦ ಮೀಟರಿನಾಚೆ ಏನೂ ಕಾಣದ ಮಂಜಿನಲ್ಲಿ, ಅಪಾಯವನ್ನು ಕಂಡು ಬ್ರೇಕು ಹಿಡಿಯುವಷ್ಟರಲ್ಲಿ ಅಪಾಯದ ಮೇಲೆಯೇ ಹೋಗಿ ಬಿದ್ದಿರುತ್ತೇವೆ. ದೀಪವನ್ನು ಎತ್ತರಿಸಿದರೆ ಬೆಳಕು ಮಂಜಿನ ಹನಿಗಳಿಗೆ ತಾಗಿ ಚೆದುರಿ ನಮ್ಮ ಕಣ್ಣಿಗೇ ಹಿಂದಿರುಗುತ್ತದೆ. ತಗ್ಗಿಸಿದ ದೀಪವೇ ಲೇಸು.

ಚಿತ್ತೆ, ಸ್ವಾತಿ ಮಳೆಗಳದ್ದು ಇನ್ನೊಂದು ಬಗೆ. ನಾಲ್ಕು ದಿನ ಬಿಸಿಲು ಕಾದು ಸಂಜೆ ತುಂತುರು ಬಿದ್ದರೆ, ಡಾಂಬರಿನ ಮೇಲಿನ ಧೂಳೂ ಎಣ್ಣೆಯೂ ನೀರಿನೊಡನೆ ಕಲೆತು ಜಾರುಬಂಡೆಯಾಗುತ್ತದೆ. ಜೋರು ಮಳೆ ಅದನ್ನು ತೊಳೆದೊಯ್ಯುತ್ತದೆ, ತುಂತುರು ತೊಳೆಯುವುದಿಲ್ಲ. ‘ಇದೇನು ಮಹಾ ಮಳೆ’ ಎನ್ನುವವನೇ ಮೊದಲು ಜಾರುತ್ತಾನೆ.

ಇಷ್ಟು ಪ್ರಕೃತಿಯ ಪಾಲು. ನಮ್ಮ ಪಾಲೂ ಒಂದುಂಟು. ಮುಸುಕಿನ ಜೋಳ ಕೊಯ್ಲಿಗೆ ಬರುವುದು ಈ ದಿನಗಳಲ್ಲಿ. ಒಣಗದ ಜೋಳಕ್ಕೆ ಬೂಷ್ಟು ಹಿಡಿಯುತ್ತದೆ, ಬೆಲೆ ಬೀಳುತ್ತದೆ. ಹೊಲದ ನೆಲ ಹಸಿ, ಮನೆಯಂಗಳ ಸಾಲದು. ಬೇಗ ಕಾಯುವ ಜಾಗವೆಂದರೆ ಊರ ಮುಂದಿನ ಡಾಂಬರು ರಸ್ತೆ. ಅರ್ಧ ರಸ್ತೆಗೆ ಜೋಳ ಹರಡಿ, ವಾಹನಗಳು ತುಳಿಯದಿರಲೆಂದು ಅಂಚಿಗೆ ಕಲ್ಲಿನ ಸಾಲು ಇಡುತ್ತೇವೆ. ‘ಇಡುತ್ತೇವೆ’ ಎಂದು ಬೇಕೆಂದೇ ಬರೆದಿದ್ದೇನೆ.

ಕಳೆದ ವರ್ಷ ಕಾರ್ತಿಕದಲ್ಲಿ ನಮ್ಮ ಮನೆಯ ಜೋಳವೂ ಹಾಗೆಯೇ ರಸ್ತೆಯಲ್ಲಿತ್ತು. ಸಂಜೆ ಮೋಡ ಕವಿಯಿತು. ಮನೆಮಂದಿಯೆಲ್ಲ ಓಡಿ ಜೋಳವನ್ನು ಗುಡ್ಡೆ ಮಾಡಿ ಟಾರ್ಪಾಲು ಹೊದಿಸಿದೆವು. ಕಲ್ಲುಗಳ ನೆನಪು ಯಾರಿಗೂ ಬರಲಿಲ್ಲ. ಮರುದಿನ ನಸುಕಿನ ಮಂಜಿನಲ್ಲಿ, ಡೇರಿಗೆ ಹಾಲು ಹಾಕಲು ಬರುತ್ತಿದ್ದ ಪಕ್ಕದ ಊರಿನವರೊಬ್ಬರ ಬೈಕು ಕಲ್ಲಿಗೆ ಬಡಿದು ಉರುಳಿತು. ಸದ್ದು ಕೇಳಿ ಓಡಿದೆವು. ಹಾಲೆಲ್ಲ ರಸ್ತೆಯ ಮೇಲೆ ಹರಿದಿತ್ತು. ತಲೆಗೆ ಹೆಲ್ಮೆಟ್ಟಿತ್ತು, ಬದುಕಿದರು, ಕಾಲು ಮುರಿದಿತ್ತು. ಸುತ್ತ ನೆರೆದವರಲ್ಲಿ ಒಬ್ಬರು, “ಮುಟ್ಟಬ್ಯಾಡ್ರಪ್ಪ, ಪೊಲೀಸು ಕೋರ್ಟು ಅಂತ ಯಾಕೆ ಅಲೀತೀರ” ಎಂದರು. ಗಾಯಾಳುವಿಗೆ ಒಳ್ಳೆಯ ಮನಸ್ಸಿನಿಂದ ನೆರವಾದವನಿಗೆ ೨೦೧೯ರ ಮೋಟಾರು ವಾಹನ ಕಾಯಿದೆಯ ತಿದ್ದುಪಡಿ ರಕ್ಷಣೆ ಕೊಟ್ಟಿದೆಯೆಂಬುದು ಅವರಿಗೆ ತಿಳಿದಿರಲಿಲ್ಲ. ೧೦೮ಕ್ಕೆ ಕರೆ ಮಾಡಿದೆವು. ಗಾಡಿ ಬರುವ ತನಕ ಅವರು ನನ್ನ ಕೈ ಹಿಡಿದು, “ಮಂಜಲ್ಲಿ ಕಾಣ್ಲಿಲ್ಲ ಕಣಪ್ಪ, ನಂದೇ ತಪ್ಪು” ಎನ್ನುತ್ತಿದ್ದರು. ಆ ಕಲ್ಲನ್ನು ಅಲ್ಲಿಟ್ಟ ಕೈ ಅದೇ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅಂದು ಹೇಳದುದನ್ನು ಇಂದು ಇಲ್ಲಿ ಬರೆಯುತ್ತಿದ್ದೇನೆ.

ರೈತನಿಗೆ ದಂಡ ಹಾಕಿದರೆ ಸರಿಹೋಗುತ್ತದೆ ಎಂದು ಪಟ್ಟಣದ ಮಿತ್ರರು ಹೇಳಬಹುದು. ಈ ಮಾತನ್ನು ನಾನು ಅಪ್ಪನಿಗೆ ಹೇಳಿದಾಗ ಅವರು, “ದಂಡ ಹಾಕ್ಲಿ ಬುಡು, ಕಣ ಎಲ್ಲೈತೆ ತೋರ್ಸು” ಎಂದರು. ಹಿಂದೆ ಊರೂರಿಗೂ ಕಣವಿತ್ತು. ಇಂದು ಅವುಗಳ ಜಾಗದಲ್ಲಿ ಮನೆಗಳೆದ್ದಿವೆ. ಗ್ರಾಮ ಪಂಚಾಯಿತಿಗಳು ಊರಿಗೊಂದು ಸಿಮೆಂಟಿನ ಕಣ ಮಾಡಿಕೊಟ್ಟು, ಆಮೇಲೆ ರಸ್ತೆಯಲ್ಲಿ ಹರಡಬೇಡಿರೆಂದರೆ ಅದು ನ್ಯಾಯ. ಕಣವಾಗುವ ತನಕ ಒಂದು ಕೆಲಸವನ್ನಾದರೂ ನಾವು ಮಾಡಬಹುದು: ಹೊತ್ತು ಮುಳುಗುವ ಮುನ್ನ ರಸ್ತೆಯ ಕಲ್ಲುಗಳನ್ನು ತೆಗೆಯುವುದು. ಇದಕ್ಕೆ ಸರಕಾರದ ಮಂಜೂರಾತಿ ಬೇಡ. ನಮ್ಮ ಕಾಲೇಜಿನಲ್ಲಿ ಬಹುಪಾಲು ನಾವು ಹಳ್ಳಿಯ ಮಕ್ಕಳೇ. ಎನ್.ಎಸ್.ಎಸ್. ಶಿಬಿರದಲ್ಲಿ ಬೇರೆ ಊರಿನ ಬೀದಿ ಗುಡಿಸುವ ನಾವು, ನಮ್ಮೂರಿನ ರಸ್ತೆಯಿಂದ ಕಲ್ಲೆತ್ತಲಾರೆವೇ?

ಇನ್ನು ನಮ್ಮ ಸವಾರಿಯ ವಿಚಾರ. ೨೦೨೨ರಲ್ಲಿ ನಮ್ಮ ದೇಶದ ರಸ್ತೆ ಅಪಘಾತಗಳಲ್ಲಿ ಮಡಿದವರು ೧,೬೮,೪೯೧ ಜನ. ಅವರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿ ದ್ವಿಚಕ್ರ ವಾಹನದವರು. ಹೀಗಿದ್ದೂ ಒಂದು ಬೈಕಿಗೆ ಮೂವರು, ಮೂವರಿಗೆ ಒಂದೇ ಹೆಲ್ಮೆಟ್ಟು, ಅದೂ ತಲೆಯ ಮೇಲಲ್ಲ, ಕೈಗೆ ನೇತುಹಾಕಿಕೊಂಡು! ಕಾರಣ ಕೇಳಿದರೆ ಮೊದಲ ಪಿರಿಯಡ್ಡಿನ ಹಾಜರಿ. ಪೂಜ್ಯ ಅಧ್ಯಾಪಕರಲ್ಲಿ ನನ್ನದೊಂದು ಬಿನ್ನಹವುಂಟು: ಕಾರ್ತಿಕದ ಮಂಜಿನ ದಿನಗಳಲ್ಲಿ ದೂರದಿಂದ ಬರುವವರಿಗೆ ಹತ್ತು ನಿಮಿಷದ ರಿಯಾಯಿತಿ ದಯಪಾಲಿಸಬೇಕು. ಇದನ್ನು ಕಾಫಿ ಕುಡಿಯಲು ಬಳಸುವವರೂ ಇಲ್ಲದಿಲ್ಲ. ಆದರೂ ಆ ಹತ್ತು ನಿಮಿಷ ಯಾರೋ ಒಬ್ಬನ ವೇಗವನ್ನು ತಗ್ಗಿಸಿದರೆ ಹಾಜರಿಪುಸ್ತಕದಲ್ಲಿ ಒಂದು ಹೆಸರು ಉಳಿದೀತು.

ಹಾಲಿನವರು ಈಗ ತುಸು ಕುಂಟುತ್ತ ನಡೆಯುತ್ತಾರೆ, ಮತ್ತೆ ಡೇರಿಗೆ ಬರುತ್ತಾರೆ. ಈ ಸಲವೂ ನಮ್ಮ ಜೋಳ ರಸ್ತೆಯಲ್ಲೇ ಒಣಗಿತು. ಕಣ ಇನ್ನೂ ಆಗಿಲ್ಲ. ಆದರೆ ಪ್ರತಿ ಸಂಜೆ ನಾನು ಕಲ್ಲುಗಳನ್ನು ಎಣಿಸಿ ಇಟ್ಟೆ, ಎಣಿಸಿ ತೆಗೆದೆ.