ಸೈಕಲ್ಲಿಗೆ ಎಷ್ಟು ಇಂಚಿನ ಪರದೆ?



ಟಿ.ವಿ. ಕೊಳ್ಳುವಾಗ ಇಂಚು ಕೇಳುತ್ತೇವೆ, ಮೊಬೈಲ್ ಕೊಳ್ಳುವಾಗಲೂ ಇಂಚು ಕೇಳುತ್ತೇವೆ. ಈಗ ಸೈಕಲ್ಲಿಗೂ ಇಂಚು ಕೇಳುವ ಕಾಲ ಬಂದಿದೆ. ನಾನು ಹೇಳುತ್ತಿರುವುದು ಗಾಲಿಯ ಇಂಚಲ್ಲ. ಹ್ಯಾಂಡಲ್ ಮೇಲೆ ಕೂರಿಸುವ ಪುಟ್ಟ ಜಿಪಿಎಸ್ ಕಂಪ್ಯೂಟರಿನ ಪರದೆಯ ಇಂಚು. ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಮಗಳ ಮಗ ಒಂದು ತಿಂಗಳಿಂದ ಇದೇ ಗುಂಗಿನಲ್ಲಿದ್ದಾನೆ. "ಅಜ್ಜ, ದೊಡ್ಡ ಸ್ಕ್ರೀನಿಂದೇ ತಗೊಂಡ್ರೆ ಒಳ್ಳೇದಲ್ವಾ? ಎಲ್ಲಾ ಒಂದೇ ಕಡೆ ಕಾಣುತ್ತೆ" ಎಂಬುದು ಅವನ ವಾದ. ದುಡ್ಡು ಅವನ ಅಪ್ಪನದು, ಆಸೆ ಅವನದು, ಲೆಕ್ಕ ನೋಡುವ ಕೆಲಸ ಮಾತ್ರ ನನ್ನ ಪಾಲಿಗೆ ಬಂತು. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಮನೆಯಲ್ಲಿ ಸಿಗುವ ಮರ್ಯಾದೆ ಇದೇ ತಾನೇ! ಹಾಗಾಗಿ ಈ ವಾರದ ಅಂಕಣವನ್ನು ಆ ಲೆಕ್ಕಕ್ಕೇ ಮೀಸಲಿಡುತ್ತೇನೆ.

ಮೊದಲು ಒಂದು ಮಾತು. ಈ ಸಾಮಾನಿನ ಡಬ್ಬಿಯ ಮೇಲೆ 'ಬೈಕ್ ಕಂಪ್ಯೂಟರ್' ಎಂದು ಬರೆದಿರುತ್ತದೆ. ನಮ್ಮಲ್ಲಿ ಬೈಕ್ ಎಂದರೆ ಪೆಟ್ರೋಲ್ ಗಾಡಿ. ಹೊರದೇಶಗಳಲ್ಲಿ ಬೈಕ್ ಎಂದರೆ ಸೈಕಲ್ಲೂ ಹೌದು. ಆದ್ದರಿಂದ ಅಂಗಡಿಯಲ್ಲಿ 'ಸೈಕಲ್ ಕಂಪ್ಯೂಟರ್' ಎಂದೇ ಕೇಳಿ.

ಇದರ ಅಜ್ಜ ನಮ್ಮ ಕಾಲದಲ್ಲೂ ಇತ್ತು. ಮುಂದಿನ ಗಾಲಿಯ ಕಡ್ಡಿಗೆ ಒಂದು ಮೊಳೆಯಂಥದ್ದನ್ನು ಸಿಕ್ಕಿಸಿರುತ್ತಿದ್ದರು. ಗಾಲಿ ಒಂದು ಸುತ್ತು ಬಂದಾಗಲೆಲ್ಲ ಅದು ಪುಟ್ಟ ಹಲ್ಲುಚಕ್ರಕ್ಕೆ ತಾಗಿ 'ಟಿಕ್' ಎನ್ನುತ್ತಿತ್ತು. ಆ ಟಿಕ್‌ಗಳನ್ನು ಎಣಿಸಿ, ಗಾಲಿಯ ಸುತ್ತಳತೆಯಿಂದ ಗುಣಿಸಿದರೆ ದೂರ ಸಿಕ್ಕಿತು. ನಮ್ಮ 28 ಇಂಚಿನ ಹಳೆಯ ಸೈಕಲ್ಲಿನ ಗಾಲಿ ಒಂದು ಸುತ್ತಿಗೆ ಸುಮಾರು 2.2 ಮೀಟರ್ ಹೋಗುತ್ತದೆ. ಆಮೇಲೆ ಮೊಳೆಯ ಜಾಗಕ್ಕೆ ಅಯಸ್ಕಾಂತ ಬಂತು. ಈಗಿನದು ಗಾಲಿಯನ್ನು ಎಣಿಸುವುದನ್ನೂ ಬಿಟ್ಟು ಆಕಾಶಕ್ಕೆ ಕಿವಿಗೊಟ್ಟಿದೆ. ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ಕಳಿಸುವ ಸಂಕೇತ ಬಂದು ಮುಟ್ಟಲು ಎಷ್ಟು ಹೊತ್ತಾಯಿತು ಎಂಬುದನ್ನು ಅಳೆದು, ಕಡಿಮೆಯೆಂದರೆ ನಾಲ್ಕು ಉಪಗ್ರಹಗಳ ಲೆಕ್ಕ ಕೂಡಿಸಿ, ನಾವು ಎಲ್ಲಿದ್ದೇವೆ ಎಂದು ಹೇಳುತ್ತದೆ. ಜಿಪಿಎಸ್ ಅಮೆರಿಕದ್ದು. ನಮ್ಮ ಇಸ್ರೋ ಕೂಡ ಇದೇ ಕೆಲಸಕ್ಕೆ 'ನಾವಿಕ್' ಎಂಬ ಉಪಗ್ರಹಗಳ ಗುಂಪನ್ನು ಕಟ್ಟಿದೆ. ಅದರ ಮೊದಲನೆಯದು 2013ರ ಜುಲೈ 1ರಂದು ಹಾರಿತು.

ಇನ್ನು ಇಂಚಿನ ಲೆಕ್ಕಕ್ಕೆ ಬರೋಣ. ಪರದೆಯ ಇಂಚು ಎಂದರೆ ಉದ್ದವೂ ಅಲ್ಲ, ಅಗಲವೂ ಅಲ್ಲ. ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣ. ಉದಾಹರಣೆಗೆ ಒಂದೇ ಕಂಪನಿಯ ಮೂರು ಮಾದರಿ ನೋಡೋಣ. ಗಾರ್ಮಿನ್ ಕಂಪನಿಯ ಎಡ್ಜ್ 130ಕ್ಕೆ 1.8 ಇಂಚು, ಎಡ್ಜ್ 530ಕ್ಕೆ 2.6 ಇಂಚು, ಎಡ್ಜ್ 1040ಕ್ಕೆ 3.5 ಇಂಚು. ಬೇರೆ ಕಂಪನಿಗಳ ಪರದೆಗಳೂ ಹೆಚ್ಚುಕಡಿಮೆ ಈ ಅಳತೆಗಳ ಆಸುಪಾಸಿನಲ್ಲೇ ಇರುತ್ತವೆ.

ಕೇಳಲು 1.8ಕ್ಕೂ 3.5ಕ್ಕೂ ಎರಡರಷ್ಟೂ ವ್ಯತ್ಯಾಸವಿಲ್ಲ. ಆದರೆ ಉದ್ದ, ಅಗಲ ಹಿಡಿದು ಗುಣಿಸಿ. ಮೊದಲನೆಯದು ಸುಮಾರು 36 ಮಿ.ಮೀ. ಉದ್ದ, 27 ಮಿ.ಮೀ. ಅಗಲ, ಅಂದರೆ 10 ಚದರ ಸೆಂ.ಮೀ. ಎರಡನೆಯದು 52ಕ್ಕೆ 40. ಅಂದರೆ 21 ಚದರ ಸೆಂ.ಮೀ., ಬೆಂಕಿಪೊಟ್ಟಣದ ಮುಖಕ್ಕಿಂತ ಒಂದು ಕೈ ಹೆಚ್ಚು. ಮೂರನೆಯದು 76ಕ್ಕೆ 46. ಅಂದರೆ 35 ಚದರ ಸೆಂ.ಮೀ. ನೋಡಿದಿರಾ? ಇಂಚು ಎರಡರಷ್ಟಾಗುವುದರೊಳಗೆ ಜಾಗ ಮೂರೂವರೆ ಪಟ್ಟು ಆಗಿಬಿಟ್ಟಿತು. "ಹಾಗಾದ್ರೆ ದೊಡ್ಡದೇ ಲಾಭ" ಎಂದು ಮೊಮ್ಮಗ ಕುಣಿದ. ತಾಳು, ಲೆಕ್ಕ ಇನ್ನೂ ಮುಗಿದಿಲ್ಲ ಎಂದೆ.

ಆ ಜಾಗದಲ್ಲಿ ಏನನ್ನು ತುಂಬುತ್ತೇವೆ ಎಂಬುದು ಮುಖ್ಯ. ಈ ಕಂಪ್ಯೂಟರುಗಳು ಪರದೆಯನ್ನು ಮನೆ ಮನೆಯಾಗಿ ಭಾಗ ಮಾಡುತ್ತವೆ. ಒಂದು ಮನೆಯಲ್ಲಿ ವೇಗ, ಒಂದರಲ್ಲಿ ದೂರ, ಇನ್ನೊಂದರಲ್ಲಿ ಹೊತ್ತು, ಮತ್ತೊಂದರಲ್ಲಿ ಏರು, ಎದೆಬಡಿತ, ಬಿಸಿಲಿನ ಡಿಗ್ರಿ... ದೊಡ್ಡ ಪರದೆಯಲ್ಲಿ ಒಂದೇ ಪುಟಕ್ಕೆ ಹತ್ತು ಮನೆ ಮಾಡಿಕೊಳ್ಳಬಹುದು. ಈಗ ಭಾಗಿಸಿ. 35 ಚದರ ಸೆಂ.ಮೀ.ನಲ್ಲಿ ಹತ್ತು ಮನೆ ಮಾಡಿದರೆ ಒಂದೊಂದಕ್ಕೆ ಸಿಗುವುದು ಮೂರೂವರೆ. 10 ಚದರ ಸೆಂ.ಮೀ.ನಲ್ಲಿ ಎರಡೇ ಮನೆ ಮಾಡಿದರೆ ಒಂದೊಂದಕ್ಕೆ ಐದು! ಅತಿ ಚಿಕ್ಕ ಪರದೆಯ ಅಂಕಿ ಅತಿ ದೊಡ್ಡ ಪರದೆಯ ಅಂಕಿಗಿಂತ ದಪ್ಪವಾಗಿ ಕಾಣಬಹುದು. ನಡುವಿನ 21ರಲ್ಲಿ ನಾಲ್ಕು ಮನೆ ಮಾಡಿದರೂ ಒಂದೊಂದಕ್ಕೆ ಐದು ದಾಟುತ್ತದೆ. ಆದ್ದರಿಂದ 'ಎಷ್ಟು ಇಂಚು' ಎಂದು ಕೇಳುವ ಮೊದಲು 'ಓಡುತ್ತಿರುವಾಗ ನನಗೆ ಎಷ್ಟು ಅಂಕಿ ಬೇಕು' ಎಂದು ಕೇಳಿಕೊಳ್ಳಬೇಕು. ಅದಕ್ಕೆ ಉತ್ತರ ಸಿಕ್ಕರೆ ಇಂಚು ತಾನಾಗಿಯೇ ಸಿಗುತ್ತದೆ.

ಬ್ಯಾಂಕಿನಲ್ಲಿ ಕೌಂಟರಿನ ಮೇಲಿನ ಟೋಕನ್ ಬೋರ್ಡ್ ನೋಡಿದ್ದೀರಲ್ಲ? ಅದರಲ್ಲಿ ಇರುವುದು ಒಂದೇ ನಂಬರು. ಹಿಂದಿನ ಬೆಂಚಿನಲ್ಲಿ ಕೂತ ಅಜ್ಜಿಯೂ ತಲೆ ಎತ್ತಿ ಒಮ್ಮೆ ನೋಡಿದರೆ ಸಾಕು, ತನ್ನ ಸರದಿಯೋ ಅಲ್ಲವೋ ತಿಳಿಯುತ್ತದೆ. ಪಾಸ್‌ಬುಕ್ ಹಾಗಲ್ಲ. ಅದನ್ನು ಮನೆಗೆ ಒಯ್ದು, ಕೂತು, ಬೆರಳಿಟ್ಟು ಓದಬೇಕು. ಸೈಕಲ್ ಓಡುತ್ತಿರುವಾಗ ಹ್ಯಾಂಡಲ್ ಮೇಲೆ ಇರಬೇಕಾದದ್ದು ಟೋಕನ್ ಬೋರ್ಡ್, ಪಾಸ್‌ಬುಕ್ ಅಲ್ಲ. ಉಳಿದ ಅಂಕಿಗಳನ್ನೆಲ್ಲ ಕಂಪ್ಯೂಟರು ಬರೆದಿಟ್ಟುಕೊಂಡಿರುತ್ತದೆ. ಮನೆಗೆ ಬಂದು ಕಾಫಿ ಕುಡಿಯುತ್ತಾ ನೋಡಬಹುದು.

ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಮ್ಮ ಜಗಳೂರು ಸೀಮೆಯಲ್ಲಿ ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಅರ್ಧ ರಸ್ತೆಯೇ ಕಣ. ಟಾರಿನ ಮೇಲೆ ಕಾಳು ಹರವಿ, ಗಾಡಿ ಹತ್ತದಿರಲೆಂದು ಅಂಚಿಗೆ ಸಾಲಾಗಿ ಕಲ್ಲು ಇಟ್ಟಿರುತ್ತಾರೆ. ಕಳೆದ ಸುಗ್ಗಿಯಲ್ಲಿ ನಮ್ಮ ಬೀದಿಯ ಹುಡುಗನೊಬ್ಬ ಹ್ಯಾಂಡಲ್‌ಗೆ ಸಿಕ್ಕಿಸಿದ ಮೊಬೈಲಿನಲ್ಲಿ ಏನನ್ನೋ ಓದುತ್ತಾ ಹೋಗಿ ಅಂಥದೊಂದು ಕಲ್ಲಿಗೆ ಗಾಲಿ ಕೊಟ್ಟ. ಮೊಣಕೈ ಮುರಿದು ಆರು ವಾರ ಪ್ಲಾಸ್ಟರ್. ಪರೀಕ್ಷೆಯನ್ನು ಎಡಗೈಯಲ್ಲಿ ಬರೆಯಬೇಕಾಯಿತು. ಅವನ ತಾಯಿ ಇವತ್ತಿಗೂ ಸೈಕಲ್ಲಿನ ಗಂಟೆ ಕೇಳಿದರೆ ಬಾಗಿಲಿಗೆ ಬಂದು ನಿಲ್ಲುತ್ತಾರೆ.

ಲೆಕ್ಕ ಹಾಕಿ ನೋಡಿ, ಮಕ್ಕಳೇ. ಗಂಟೆಗೆ 20 ಕಿ.ಮೀ. ವೇಗದಲ್ಲಿ ಸೈಕಲ್ ಒಂದು ಸೆಕೆಂಡಿಗೆ ಐದೂವರೆ ಮೀಟರ್ ಓಡುತ್ತದೆ, ಅಂದರೆ ಮೂರು ಸೈಕಲ್ ಉದ್ದ. ಇಳಿಜಾರಿನಲ್ಲಿ 40 ಮುಟ್ಟಿದರೆ ಸೆಕೆಂಡಿಗೆ 11 ಮೀಟರ್. ದಪ್ಪ ಅಂಕಿಯನ್ನು ಅರ್ಧ ಸೆಕೆಂಡಿನಲ್ಲಿ ನೋಡಿ ಕಣ್ಣು ರಸ್ತೆಗೆ ಬಂದುಬಿಡಬಹುದು. ಸಣ್ಣ ಅಂಕಿಯನ್ನು ಹುಡುಕಿ, ಯಾವುದು ವೇಗ, ಯಾವುದು ದೂರ ಎಂದು ತಿಳಿಯುವುದರೊಳಗೆ ಎರಡು ಸೆಕೆಂಡು ಹೋಗಿರುತ್ತದೆ. ಅಷ್ಟರಲ್ಲಿ ಆ ಕಲ್ಲು ಬಂದಿರುತ್ತದೆ.

ಈಗ ಕಣ್ಣಿನ ವಿಷಯ. ಕಣ್ಣಿನ ಡಾಕ್ಟರು 6/6 ಎನ್ನುವ ದೃಷ್ಟಿಯವರು ಆರು ಮೀಟರ್ ದೂರದಿಂದ ಸುಮಾರು 9 ಮಿ.ಮೀ. ಎತ್ತರದ ಅಕ್ಷರ ಓದಬಲ್ಲರು. ಹ್ಯಾಂಡಲ್ ಕಣ್ಣಿನಿಂದ ಸುಮಾರು 60 ಸೆಂ.ಮೀ. ದೂರ, ಆ ಲೆಕ್ಕದಲ್ಲಿ ಒಂದು ಮಿ.ಮೀ. ಅಂಕಿಯೂ ಕಾಣಬೇಕು. ಆದರೆ ಅದು ಕುರ್ಚಿಯ ಮೇಲೆ ಅಲ್ಲಾಡದೆ ಕೂತಾಗಿನ ಮಾತು. ಗುಂಡಿ ಬಿದ್ದ ರಸ್ತೆಯಲ್ಲಿ, ಬೆವರು ಕಣ್ಣಿಗಿಳಿಯುವಾಗ, ಅಂಕಿ ಕಿರುಬೆರಳಿನ ಉಗುರಿನಷ್ಟಾದರೂ ಇರಬೇಕು ಎಂಬುದು ನನ್ನ ಅಂದಾಜು.

ನನ್ನ ವಯಸ್ಸಿನವರಿಗೆ ಇನ್ನೊಂದು ತೊಡಕು. ನಲವತ್ತು ದಾಟಿದ ಮೇಲೆ ಬರುವ ಚಾಳೀಸು ಎಲ್ಲರಿಗೂ ಗೊತ್ತು. ಚಾಳೀಸಿನ ಕನ್ನಡಕವನ್ನು ಪುಸ್ತಕ ಹಿಡಿಯುವ ದೂರಕ್ಕೆ, ಅಂದರೆ 35-40 ಸೆಂ.ಮೀ.ಗೆ ಕೊಟ್ಟಿರುತ್ತಾರೆ. ಮೇಲಿನ ಭಾಗ ದೂರದ ರಸ್ತೆಗೆ. ಹ್ಯಾಂಡಲ್ ಇರುವುದು ಎರಡರ ನಡುವೆ, ಯಾವ ಭಾಗಕ್ಕೂ ಸೇರದ ಜಾಗದಲ್ಲಿ! ಕೆಳಗಿನ ಗಾಜಿನಿಂದ ನೋಡಿದರೂ ಮಸುಕು, ಮೇಲಿನದರಿಂದ ನೋಡಿದರೂ ಮಸುಕು. ಹಾಗಾಗಿ ಸೈಕಲ್ ಹೊಡೆಯುವ ಹಿರಿಯರು ದೊಡ್ಡ ಪರದೆಯನ್ನೇ ತೆಗೆದುಕೊಳ್ಳಲಿ, ಆದರೆ ಅದರಲ್ಲಿ ಎರಡೋ ಮೂರೋ ಮನೆ ಮಾತ್ರ ಮಾಡಿಕೊಳ್ಳಲಿ. ದೊಡ್ಡ ಪರದೆ ಕೊಳ್ಳುವುದು ಅಂಕಿಯನ್ನು ದಪ್ಪ ಮಾಡಲಿಕ್ಕೆ, ಅಂಕಿಗಳನ್ನು ಹೆಚ್ಚು ಮಾಡಲಿಕ್ಕಲ್ಲ.

ಹಾಗಾದರೆ ಯಾರಿಗೆ ಯಾವುದು?

ದಿನಾ ಹೋಗುವ, ಗೊತ್ತಿರುವ ದಾರಿಯವರಿಗೆ ಚಿಕ್ಕದು ಧಾರಾಳ ಸಾಕು. ಇಲ್ಲಿಂದ ರಂಗಯ್ಯನದುರ್ಗದ ಕೊಂಡುಕುರಿ ಕಾಡಿನ ಕಡೆಗೆ ಹೋಗಿಬರಲು ನಮಗೆ ನಕ್ಷೆ ಬೇಕೇ? ವೇಗ, ದೂರ ಕಂಡರೆ ಆಯಿತು. ತೂಕವೂ 33 ಗ್ರಾಂ ಮಾತ್ರ.

ಗೊತ್ತಿಲ್ಲದ ಊರುಗಳ ಮೇಲೆ ಹೋಗುವವರಿಗೆ ನಕ್ಷೆ ಬೇಕು. ಚಿಕ್ಕದರಲ್ಲಿ ದಾರಿ ಬರೀ ಒಂದು ಗೆರೆಯಾಗಿ ಕಾಣುತ್ತದೆ. ಅಕ್ಕಪಕ್ಕದ ಕವಲು ತೋರದು. 2.6 ಇಂಚಿನದರಲ್ಲಿ ನಕ್ಷೆ ಬಿಡಿಸಿಕೊಳ್ಳುತ್ತದೆ, ತಿರುವು ಬಂದಾಗ ಹೇಳುತ್ತದೆ. ತೂಕ 76 ಗ್ರಾಂ.

ಹಗಲು ರಾತ್ರಿ ಓಡಿಸುವವರದು ಬೇರೆಯೇ ಲೋಕ. 'ಬ್ರೆವೆ' ಎಂಬ ದೀರ್ಘ ಸವಾರಿಗಳು ಬೆಂಗಳೂರಿನಿಂದಲೂ ನಡೆಯುತ್ತವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 300ಕ್ಕೆ 20, 400ಕ್ಕೆ 27, 600ಕ್ಕೆ 40 ಗಂಟೆಯ ಗಡುವು. ಇವನ್ನು ಮುಗಿಸಿದವರು ನಾಲ್ಕು ವರ್ಷಕ್ಕೊಮ್ಮೆ ಫ್ರಾನ್ಸಿನಲ್ಲಿ ನಡೆಯುವ 1,200 ಕಿ.ಮೀ.ಗಳ ಪ್ಯಾರಿಸ್-ಬ್ರೆಸ್ಟ್-ಪ್ಯಾರಿಸ್ ಸವಾರಿಗೂ ಹೋಗಬಹುದು. ನಿದ್ದೆಗೆಟ್ಟ ಕಣ್ಣಿಗೆ, ಕತ್ತಲ ಕವಲುದಾರಿಗೆ 3.5 ಇಂಚು ನಿಜಕ್ಕೂ ಆಸರೆ. ಆದರೆ ಪರದೆಯ ಜೊತೆಗೆ ಬ್ಯಾಟರಿಯನ್ನೂ ನೋಡಿ. 20 ಗಂಟೆ ಬಾಳುವ ಬ್ಯಾಟರಿ 200ಕ್ಕೆ ಸಾಕು, 600ಕ್ಕೆ ನಡುದಾರಿಯಲ್ಲಿ ಚಾರ್ಜ್ ಮಾಡಲೇಬೇಕು.

"ಇದೆಲ್ಲ ಯಾಕೆ, ಆರು ಇಂಚಿನ ಮೊಬೈಲ್ ಇದೆಯಲ್ಲ?" ಎನ್ನುವವರೂ ಇದ್ದಾರೆ. ಇದೆ. ಆದರೆ ಏಪ್ರಿಲ್ ತಿಂಗಳ ನಮ್ಮ ಬಿಸಿಲಿನಲ್ಲಿ ಮೊಬೈಲ್ ಕಾಯುತ್ತದೆ, ಪರದೆ ಮಂಕಾಗುತ್ತದೆ, ಸದಾ ಹೊತ್ತಿಸಿಟ್ಟರೆ ಬ್ಯಾಟರಿ ಬೇಗ ಇಳಿಯುತ್ತದೆ. ಸೈಕಲ್ ಕಂಪ್ಯೂಟರುಗಳಲ್ಲಿ ಹೆಚ್ಚಿನವು ಮೇಲೆ ಬಿದ್ದ ಬಿಸಿಲನ್ನೇ ಬಳಸಿ ಅಂಕಿ ತೋರಿಸುವ ಬಗೆಯವು. ಬಿಸಿಲು ಹೆಚ್ಚಿದಷ್ಟೂ ಚೆನ್ನಾಗಿ ಕಾಣುತ್ತವೆ. ಆದ್ದರಿಂದ ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ನೋಡಿ ತೀರ್ಮಾನಿಸಬೇಡಿ. ಹೊರಗೆ ಬಿಸಿಲಿಗೆ ತಂದು ನೋಡಿ. ಬೆವರಿದ ಬೆರಳಿಗೆ, ಮಳೆಗೆ, ಮುಟ್ಟುವ ಪರದೆಗಿಂತ ಒತ್ತುವ ಬಟನ್ ವಾಸಿ. ಕೂರಿಸುವಾಗ ಹ್ಯಾಂಡಲ್ಲಿನ ಮುಂದಕ್ಕೆ ಚಾಚುವ ಹಿಡಿಕೆಗೆ ಕೂರಿಸಿ; ಕಣ್ಣು ರಸ್ತೆಯಿಂದ ಅಷ್ಟು ಕಡಿಮೆ ಇಳಿಯುತ್ತದೆ.

ಕೊಳ್ಳುವ ಮೊದಲು ಕಾಸಿಲ್ಲದ ಪರೀಕ್ಷೆಯೊಂದಿದೆ. ಹಳೆಯ ನೋಟ್‌ಬುಕ್ಕಿನ ರಟ್ಟನ್ನು ಮೇಲೆ ಹೇಳಿದ ಮೂರು ಅಳತೆಗೆ ಕತ್ತರಿಸಿ. ನಿಮಗೆ ಬೇಕಾದಷ್ಟು ಮನೆ ಎಳೆದು ಅಂಕಿ ಬರೆಯಿರಿ. ರಬ್ಬರ್ ಬ್ಯಾಂಡಿನಿಂದ ಹ್ಯಾಂಡಲ್‌ಗೆ ಕಟ್ಟಿ, ಸ್ಟ್ಯಾಂಡ್ ಹಾಕಿದ ಸೈಕಲ್ ಮೇಲೆ ಕೂತು, ಎದುರು ಗೋಡೆ ನೋಡುತ್ತಿರಿ. ಜೊತೆಯವರು 'ನೋಡು' ಎಂದಾಗ ಇಣುಕಿ, 'ಸಾಕು' ಎಂದಾಗ ತಲೆ ಎತ್ತಿ. ನಡುವೆ ಒಂದೇ ಸೆಕೆಂಡು. ಎಷ್ಟು ಅಂಕಿ ಹೇಳಬಲ್ಲಿರೋ ಅಷ್ಟೇ ನಿಮ್ಮ ಮಿತಿ. ನಮ್ಮ ಅಂಗಳದಲ್ಲಿ ಮೊಮ್ಮಗ ಹತ್ತು ಮನೆಯ ದೊಡ್ಡ ರಟ್ಟಿನಲ್ಲಿ ಮೂರು ಅಂಕಿ ಹೇಳಿದ. ನಾಲ್ಕು ಮನೆಯ ನಡುವಿನ ರಟ್ಟಿನಲ್ಲೂ ಮೂರೇ ಹೇಳಿದ. ನಾನು ಏನೂ ಹೇಳಲಿಲ್ಲ. ಅವನೇ ರಟ್ಟನ್ನು ತಿರುಗಿಸಿ ತಿರುಗಿಸಿ ನೋಡಿ, 2.6 ಇಂಚಿನದು ಸಾಕೆಂದ.

ಇವುಗಳ ಬೆಲೆ ಕೆಲವು ಸಾವಿರದಿಂದ ಶುರುವಾಗಿ ಅರ್ಧ ಲಕ್ಷ ದಾಟುವವರೆಗೂ ಹೋಗುತ್ತದೆ. ಕಡಿಮೆ ಇಂಚಿಗೆ ಇಳಿದರೆ ಕೈಯಲ್ಲಿ ದುಡ್ಡು ಉಳಿಯುತ್ತದೆ. ಆ ಉಳಿತಾಯದಲ್ಲಿ ಮೊದಲು ಹೆಲ್ಮೆಟ್, ಮುಂದೊಂದು ದೀಪ, ಹಿಂದೊಂದು ಕೆಂಪು ದೀಪ, ಒಳ್ಳೆಯ ಬ್ರೇಕ್ ಕಟ್ಟೆಗಳು. ಇವು ಯಾವುವಕ್ಕೂ ಪರದೆ ಇಲ್ಲ, ಆದರೂ ಮನೆಗೆ ಮುಟ್ಟಿಸುವುದು ಇವೇ. ಶಾಲೆಗೆ ಸೈಕಲ್ಲಿನಲ್ಲಿ ಹೋಗುವ ಮಕ್ಕಳಿಗೆ ಇವಿಷ್ಟಿದ್ದರೆ ಕಂಪ್ಯೂಟರಿನ ಅಗತ್ಯವೇ ಇಲ್ಲ.

ಮಕ್ಕಳಿಗೆ ಈ ವಾರದ ಲೆಕ್ಕ: ಒಬ್ಬ ಹುಡುಗಿ ಗಂಟೆಗೆ 18 ಕಿ.ಮೀ. ವೇಗದಲ್ಲಿ 9 ಕಿ.ಮೀ. ದೂರದ ಶಾಲೆಗೆ ಹೋಗುತ್ತಾಳೆ. ನಿಮಿಷಕ್ಕೊಮ್ಮೆ, ಒಂದೊಂದು ಸೆಕೆಂಡು, ಪರದೆ ನೋಡುತ್ತಾಳೆ. ಒಟ್ಟು ಎಷ್ಟು ಮೀಟರ್ ದಾರಿಯನ್ನು ಅವಳು ರಸ್ತೆ ನೋಡದೆ ಕಳೆದಳು? ಎರಡೆರಡು ಸೆಕೆಂಡು ನೋಡಿದ್ದರೆ ಎಷ್ಟು? ಉತ್ತರ ಸಿಕ್ಕವರು ಅಷ್ಟು ದೂರವನ್ನು ನಿಮ್ಮ ಬೀದಿಯಲ್ಲಿ ಒಮ್ಮೆ ನಡೆದು ನೋಡಿ. ಸರಿಯುತ್ತರ ಬರುವ ವಾರ.