ಸಾರಥಿಯ ಕೈಗೆ ಆಟ ಕೊಡಬಹುದೇ?

ನ್ಯೂಜಿಲೆಂಡಿನ ತೈಕಾ ವೈಟಿಟಿ ಚೇಷ್ಟೆಯ ಚಿತ್ರಗಳಿಗೆ ಹೆಸರಾದ ನಿರ್ದೇಶಕ. ‘ಸ್ಟಾರ್ ವಾರ್ಸ್’ ಸರಣಿಯ ಒಂದು ಚಿತ್ರವನ್ನು ಅವರಿಗೆ ಒಪ್ಪಿಸಲಾಗಿದೆ ಎಂದು 2020ರ ಮೇ ತಿಂಗಳಲ್ಲಿ ಘೋಷಣೆಯಾಯಿತು. ಚಿತ್ರ ಇನ್ನೂ ತೆರೆಗೆ ಬಂದಿಲ್ಲ, ಜಗಳ ಮಾತ್ರ ಆಗಿನಿಂದ ನಡೆದೇ ಇದೆ. ಜಗತ್ತೇ ಪ್ರೀತಿಸುವ ವೈಜ್ಞಾನಿಕ ಕಥಾಸರಣಿಯನ್ನು ನಗಿಸುವವನ ಕೈಗೆ ಕೊಡುವುದೇ? ರಾಯಚೂರು ಸೀಮೆಯವರಿಗೆ ಈ ಪ್ರಶ್ನೆ ಅಷ್ಟೇನೂ ದೂರದ್ದಲ್ಲ. ತೆಲುಗು ಚಿತ್ರಗಳನ್ನು ಮನೆಯ ಚಿತ್ರಗಳಂತೆ ನೋಡುವ ಗಡಿನಾಡು ಇದು. ಸಿಂಗೀತಂ ಶ್ರೀನಿವಾಸರಾವ್ ಅವರ ‘ಆದಿತ್ಯ 369’ರ ಹೆಸರೆತ್ತಿದರೆ ನಲವತ್ತು ದಾಟಿದವರ ಮುಖ ಅರಳುತ್ತದೆ. ಅದಕ್ಕೆ ಮುಂದಿನ ಭಾಗ ಬರಬೇಕು ಎಂಬ ಮಾತೂ ಆಗಾಗ ಏಳುತ್ತದೆ. ಇಂಥ ಸರಣಿಯನ್ನು ನಗಿಸುವವರಿಗೆ ಕೊಡುವುದರ ಪರವಾಗಿ ಬರೆದವರು ಮಾನ್ವಿಯಲ್ಲಿ ಔಷಧಿ ಅಂಗಡಿ ನಡೆಸುವವರು, ವಿರೋಧವಾಗಿ ಬರೆದವರು ದೇವದುರ್ಗದ ನಿವೃತ್ತ ಭೌತಶಾಸ್ತ್ರ ಉಪನ್ಯಾಸಕರು. ಇಬ್ಬರೂ ಹಳೆಯ ಗೆಳೆಯರು, ಆದ್ದರಿಂದ ಮಾತಿಗೆ ಬಿಗುಮಾನ ಕಡಿಮೆ.

ಪರ

1977ರಲ್ಲಿ ಬಂದ ಮೊದಲ ‘ಸ್ಟಾರ್ ವಾರ್ಸ್’ ನೆನಪಿಸಿಕೊಳ್ಳಿ. ನಾಯಕ ಲ್ಯೂಕ್ ತೆರೆಗೆ ಬರುವುದಕ್ಕೆ ಎಷ್ಟೋ ಮುಂಚೆಯೇ ಎರಡು ಯಂತ್ರಗಳು ಜಗಳವಾಡಿಕೊಂಡು ಮರಳುಗಾಡಿನಲ್ಲಿ ಹೋಗುತ್ತಿರುತ್ತವೆ. ಒಂದು ಬಂಗಾರದ ಬಣ್ಣದ ಪುಕ್ಕಲು, ಬಾಯಿಬಡುಕ. ಇನ್ನೊಂದು ಮೋಟು ಡಬ್ಬಿಯಂಥ ಹಟಮಾರಿ. ಜಾರ್ಜ್ ಲ್ಯೂಕಾಸ್‌ಗೆ ಈ ಜೋಡಿ ಸಿಕ್ಕಿದ್ದು ಅಕಿರಾ ಕುರೊಸಾವಾ 1958ರಲ್ಲಿ ಮಾಡಿದ ‘ದಿ ಹಿಡನ್ ಫೋರ್ಟ್ರೆಸ್’ನಲ್ಲಿ. ಅಲ್ಲಿ ಇಬ್ಬರು ಆಸೆಬುರುಕ ರೈತರು ಕಚ್ಚಾಡುತ್ತಲೇ ರಾಜಕುಮಾರಿಯ ಕಥೆಯೊಳಗೆ ಬಂದು ಬೀಳುತ್ತಾರೆ. ನಕ್ಷತ್ರಲೋಕದ ಆ ಮಹಾಯುದ್ಧವನ್ನು ನಾವು ಮೊದಲು ನೋಡಿದ್ದೇ ಇಬ್ಬರು ಕೋಡಂಗಿಗಳ ಬೆನ್ನು ಹಿಡಿದು. ಅಂಥ ಸರಣಿಗೆ ನಗಿಸುವವನು ಪರಕೀಯ ಹೇಗಾಗುತ್ತಾನೆ?

ನಮ್ಮ ಕಡೆಯವರಿಗಂತೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಭತ್ತದ ಸುಗ್ಗಿ ಮುಗಿದ ಮೇಲೆ ಮಾನ್ವಿ ಸುತ್ತಿನ ಹಳ್ಳಿಗಳಲ್ಲಿ ದೊಡ್ಡಾಟ ಕಟ್ಟುತ್ತಾರೆ. ಪರದೆ ಸರಿದು ಕೌರವ ಬರುತ್ತಾನೆ. ಕಿರೀಟ, ಭುಜಕೀರ್ತಿ, ಕಣ್ಣಿನ ಸುತ್ತ ಬಳಿದ ಕೆಂಪು, ಹಲಗೆ ಮುರಿಯುವಂಥ ಕುಣಿತ. ಕುಣಿದು ನಿಂತವನನ್ನು ಮಾತಾಡಿಸುವವನು ಸಾರಥಿ. ತಾವು ಯಾರು, ಯಾವ ದೇಶ, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನೆ. ಕೇಳುವಾಗಲೇ ಊರ ಗೌಡರ ಹೆಸರು, ಕಾಲುವೆಗೆ ನೀರು ಬಾರದ ಸಂಗತಿ, ಕಿರೀಟದ ಬಾಡಿಗೆ ಎಲ್ಲವನ್ನೂ ಅದರೊಳಗೆ ತೂರಿಸುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ. ಅದೇ ಜನ ಬೆಳಗಿನ ಜಾವ ದ್ರೌಪದಿಯ ಸೀರೆಗೆ ಕೈ ಹಾಕಿದಾಗ ಕಣ್ಣೊರೆಸಿಕೊಳ್ಳುತ್ತಾರೆ. ನಕ್ಕಿದ್ದರಿಂದ ಕೌರವ ಚಿಕ್ಕವನಾಗಲಿಲ್ಲ, ನಮಗೆ ಗುರುತಿನವನಾದ.

ಇನ್ನು ವೈಟಿಟಿಯವರ ಕೆಲಸವನ್ನೇ ನೋಡೋಣ. ಅವರ ‘ಥಾರ್: ರಾಗ್ನರಾಕ್’ (2017) ಎಂದರೆ ಬರೀ ಚೇಷ್ಟೆ ಎನ್ನುವವರು ಒಂದು ದೃಶ್ಯ ಮರೆತಿರುತ್ತಾರೆ. ದೇವಲೋಕದ ಅರಮನೆಗೆ ಹಿರಿಮಗಳು ಹೇಲಾ ಬರುತ್ತಾಳೆ. ಚಾವಣಿಯ ಮೇಲೆ ಅಪ್ಪ ಓಡಿನ್‌ನ ಶಾಂತಿ, ಸೌಖ್ಯದ ಚಿತ್ರಗಳಿವೆ. ಅವಳು ಅದನ್ನು ಒಡೆದು ಉದುರಿಸುತ್ತಾಳೆ. ಕೆಳಗೆ ಇನ್ನೊಂದು ಚಿತ್ರವಿದೆ. ಅದೇ ಅಪ್ಪ, ಅದೇ ಮಗಳು, ಆದರೆ ಊರೂರು ಕೊಳ್ಳೆ ಹೊಡೆಯುತ್ತಿದ್ದಾರೆ. ಆ ಬಂಗಾರದ ನಗರಿಗೆ ಬಂಗಾರ ಎಲ್ಲಿಂದ ಬಂತು ಎಂಬುದನ್ನು ಅದಕ್ಕೆ ಮುಂಚಿನ ಎರಡು ಗಂಭೀರ ‘ಥಾರ್’ ಚಿತ್ರಗಳು ಕೇಳಿರಲಿಲ್ಲ. ಕೇಳಿದ್ದು ಮಾವೊರಿ ಮೂಲದ ಈ ವಿನೋದಗಾರ. ಸಿಂಹಾಸನದ ಮುಂದೆ ಕೈಕಟ್ಟಿ ನಿಲ್ಲದವನಿಗೇ ಇಂಥದ್ದು ಹೊಳೆಯುವುದು.

ಈಗ ಸಿಂಗೀತಂ ಅವರ ವಿಚಾರ. 1957ರ ‘ಮಾಯಾಬಜಾರ್’ನಲ್ಲಿ ಕೆ.ವಿ. ರೆಡ್ಡಿಯವರ ಸಹಾಯಕರಾಗಿ ದುಡಿದವರು ಅವರು. ಮಹಾಭಾರತಕ್ಕಿಂತ ದೊಡ್ಡ, ಜನ ಅದಕ್ಕಿಂತ ಹೆಚ್ಚು ಪ್ರೀತಿಸುವ ಸರಣಿ ನಮ್ಮಲ್ಲಿ ಯಾವುದಿದೆ? ಅದರೊಳಗೆ ರೆಡ್ಡಿಯವರು ಘಟೋತ್ಕಚನನ್ನು ಬಿಟ್ಟು, ಮದುವೆಯ ಅಡುಗೆಯನ್ನೆಲ್ಲ ತಿನ್ನಿಸಿ, ದುರ್ಯೋಧನನ ಮಗನನ್ನು ಕೋಡಂಗಿ ಮಾಡಿ ಕಳಿಸಿದರು. ಯಾರ ಭಕ್ತಿಗೂ ಕುಂದು ಬರಲಿಲ್ಲ. ಆ ಗರಡಿಯಿಂದ ಬಂದವರು 1991ರಲ್ಲಿ ‘ಆದಿತ್ಯ 369’ ಮಾಡಿದರು. ಕಾಲಯಂತ್ರ ಹತ್ತಿದ ಜೋಡಿ ಬಂದಿಳಿಯುವುದು 1526ರ ವಿಜಯನಗರದಲ್ಲಿ. ಅಂದರೆ ಕೃಷ್ಣದೇವರಾಯ ನಮ್ಮ ರಾಯಚೂರು ಕೋಟೆಯನ್ನು ಆದಿಲಶಾಹಿಯಿಂದ ಗೆದ್ದು ಆಗಲೇ ಆರು ವರ್ಷ. 1970ರ ‘ಶ್ರೀ ಕೃಷ್ಣದೇವರಾಯ’ದಲ್ಲಿ ಬಿ.ಆರ್. ಪಂತುಲು ಅವರು ಡಾ. ರಾಜ್‌ಕುಮಾರ್ ಅವರನ್ನು ರಾಯನಾಗಿ ಮೆರೆಸಿದ್ದರು. ಆ ಭವ್ಯತೆಗೆ ಎರಡು ಮಾತಿಲ್ಲ. ಆದರೆ ಸಿಂಗೀತಂ ರಾಯನ ಆಸ್ಥಾನದಲ್ಲಿ ಪ್ಯಾಂಟು ಹಾಕಿದ ಹುಡುಗ ಒಬ್ಬ ಪೇಚಾಡುತ್ತಾನಲ್ಲ, ಆಗಲೇ ನಮ್ಮಂಥವರಿಗೆ ಆ ಆಸ್ಥಾನದೊಳಗೆ ಒಂದು ಕಾಲಿಡಲು ಜಾಗ ಸಿಕ್ಕಿದ್ದು.

ನಗಿಸುವವರಿಗೆ ನೋವು ಹಿಡಿಯಲು ಬರುವುದಿಲ್ಲ ಎನ್ನುವವರಿಗೆ ‘ಹಾಲು ಜೇನು’ (1982) ಸಾಕು. ಅದೂ ಸಿಂಗೀತಂ ಅವರದೇ. ಹೆಂಡತಿಗೆ ಕ್ಯಾನ್ಸರ್. ಔಷಧಿಗೆ ದುಡ್ಡು ಹೊಂದಿಸಲು ರಂಗ ಹೇಳುವ ಸುಳ್ಳುಗಳಿಗೆ ಲೆಕ್ಕವಿಲ್ಲ. ಒಂದೊಂದು ಸುಳ್ಳಿಗೂ ನಗು ಬರುತ್ತದೆ. ನನ್ನ ಅಂಗಡಿಯ ಕಟ್ಟೆಗೆ ಕೈಯೂರಿ, ಚೀಟಿಯಲ್ಲಿರುವ ಔಷಧಿಯ ಬೆಲೆ ಕೇಳಿ, ಏನೋ ಒಂದು ತಮಾಷೆಯ ಮಾತಾಡಿ ಅರ್ಧ ಪಟ್ಟಿ ಮಾತ್ರ ಕೊಂಡು ಹೋಗುವವರನ್ನು ದಿನಾ ನೋಡುತ್ತೇನೆ. ರಂಗನನ್ನು ಬರೆದವರಿಗೆ ಅಂಥವರು ಗೊತ್ತಿದ್ದರು.

ಇನ್ನೊಂದು ಮಾತು, ಚಿಕ್ಕದು. 2017ರ ಜೂನ್‌ನಲ್ಲಿ ‘ಸ್ಟಾರ್ ವಾರ್ಸ್’ ಮಂದಿ ಫಿಲ್ ಲಾರ್ಡ್, ಕ್ರಿಸ್ ಮಿಲ್ಲರ್ ಎಂಬ ಹಾಸ್ಯದ ಜೋಡಿಯನ್ನು ‘ಸೋಲೋ’ ಚಿತ್ರೀಕರಣದ ನಡುವೆಯೇ ಕೈಬಿಟ್ಟರು. ಗಂಭೀರರಾದ ರಾನ್ ಹೊವಾರ್ಡ್ ಬಂದು ಮುಗಿಸಿಕೊಟ್ಟರು. ಗಲ್ಲಾಪೆಟ್ಟಿಗೆಯಲ್ಲಿ ಚಿತ್ರ ಮಕಾಡೆ ಮಲಗಿತು. ಕೈಬಿಡಿಸಿಕೊಂಡ ಜೋಡಿ ನಿರ್ಮಿಸಿದ ‘ಸ್ಪೈಡರ್‌ಮ್ಯಾನ್: ಇನ್‌ಟು ದ ಸ್ಪೈಡರ್‌ವರ್ಸ್’ 2018ರಲ್ಲಿ ಬಂದು ಆಸ್ಕರ್ ಗೆದ್ದಿತು. ಅದೂ ಜನಪ್ರೀತಿಯ ಸರಣಿಯೇ, ಅದರಲ್ಲೂ ವಿಜ್ಞಾನದ ಕಲ್ಪನೆಯೇ.

ವಿರೋಧ

ಮಾನ್ವಿ ಸಾವ್ಕಾರ್ರು ಸಾರಥಿಯನ್ನು ಸಾಕ್ಷಿಗೆ ಕರೆತಂದಿದ್ದಾರೆ. ಸಂತೋಷ. ಆದರೆ ಆಟ ಕಲಿಸಿದ ಮಾಸ್ತರರನ್ನು ಊರಲ್ಲೇ ಬಿಟ್ಟು ಬಂದಿದ್ದಾರೆ. ಹಾರ್ಮೋನಿಯಂ ಪಕ್ಕ ಆಟದ ಪುಸ್ತಕ ಹಿಡಿದು ಕೂತಿರುತ್ತಾರಲ್ಲ, ಅವರು. ಸಾರಥಿಯ ತಮಾಷೆ ಒಂದು ಗೇಣು ಜಾಸ್ತಿಯಾಯಿತು ಅನ್ನಿಸಿದರೆ ಮಾಸ್ತರರು ಪದ ಎತ್ತಿಬಿಡುತ್ತಾರೆ, ಮದ್ದಳೆ ಬೀಳುತ್ತದೆ, ಸಾರಥಿ ಬಾಯಿ ಮುಚ್ಚಿಕೊಂಡು ಬದಿಗೆ ಸರಿಯುತ್ತಾನೆ. ವಸ್ತ್ರಾಪಹರಣದ ಹೊತ್ತಿಗೆ ಅವನು ತುಟಿ ಬಿಚ್ಚಲಿ ನೋಡೋಣ, ಊರವರೇ ಬಿಡುವುದಿಲ್ಲ. ಸಾರಥಿ ಬೇಡ ಎಂದು ನಾನು ಯಾವಾಗ ಹೇಳಿದೆ? ಅವನ ಕೈಗೆ ಪುಸ್ತಕ ಕೊಡಬೇಡಿ ಎನ್ನುತ್ತೇನೆ. ನಿರ್ದೇಶಕನ ಕುರ್ಚಿ ಮಾಸ್ತರರದು.

ಕೊಟ್ಟರೆ ಏನಾಗುತ್ತದೆ ಎಂಬುದೂ ‘ರಾಗ್ನರಾಕ್’ನಲ್ಲೇ ಇದೆ. ಚಾವಣಿಯ ದೃಶ್ಯ ಚೆನ್ನಾಗಿದೆ, ಒಪ್ಪಿದೆ. ಕೊನೆಗೆ ಬನ್ನಿ. ದೇವಲೋಕ ಉರಿಯುತ್ತಿದೆ. ಬದುಕುಳಿದವರು ಹಡಗಿನ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಾರೆ. ಮೂರು ಚಿತ್ರಗಳಿಂದ ನಾವು ಓಡಾಡಿದ ಊರು ಅದು. ಆ ಹೊತ್ತಿನಲ್ಲಿ ಕೊರ್ಗ್ ಎಂಬ ಕಲ್ಲುಮನುಷ್ಯ, ಅಡಿಪಾಯ ಗಟ್ಟಿಯಿದ್ದರೆ ಮತ್ತೆ ಕಟ್ಟಬಹುದು ಎನ್ನುತ್ತಾನೆ. ಮರುಕ್ಷಣವೇ ಅಡಿಪಾಯವೂ ಸಿಡಿದು ಹೋಗುತ್ತದೆ. ಹೋಯಿತಲ್ಲ, ಕ್ಷಮಿಸಿ ಎಂಬರ್ಥದ ಮಾತಾಡುತ್ತಾನೆ. ನಕ್ಕೆವು, ನಾನೂ ನಕ್ಕೆ. ಆದರೆ ಕಳೆದುಕೊಂಡವರ ಮುಖ ನೋಡಲು ಇದ್ದದ್ದೇ ಒಂದು ಗಳಿಗೆ, ಅದನ್ನು ಆ ನಗು ತಿಂದು ಹಾಕಿತು. ಕೊರ್ಗ್‌ಗೆ ದನಿ ಕೊಟ್ಟವರು ಯಾರು ಗೊತ್ತೇ? ಸ್ವತಃ ನಿರ್ದೇಶಕರೇ. ಪದ ಎತ್ತಬೇಕಾದ ಮಾಸ್ತರರೇ ಸಾರಥಿಯ ವೇಷ ಕಟ್ಟಿದ್ದರು, ಇನ್ನು ತಡೆಯುವವರು ಯಾರು?

‘ಮಾಯಾಬಜಾರ್’ನ ವಿಷಯದಲ್ಲಿ ಸಾವ್ಕಾರ್ರು ಸ್ವಲ್ಪ ಜಾಣತನ ಮಾಡಿದ್ದಾರೆ. ಶಶಿರೇಖೆಯ ಮದುವೆಯ ಕಥೆ ವ್ಯಾಸಭಾರತದಲ್ಲಿ ಇಲ್ಲ, ಜನ ಕಟ್ಟಿಕೊಂಡದ್ದು. ನಗಲೆಂದೇ ಇದ್ದ ಪಡಸಾಲೆ ಅದು. ಕೆ.ವಿ. ರೆಡ್ಡಿ ಅಲ್ಲಿ ಮಾತ್ರ ಆಡಿದರು, ಕುರುಕ್ಷೇತ್ರದ ಬಾಗಿಲನ್ನು ಮುಟ್ಟಲಿಲ್ಲ. ಹಾಗೆಯೇ ‘ಆದಿತ್ಯ 369’. ಅದು ಸಿಂಗೀತಂ ತಾವೇ ಹುಟ್ಟುಹಾಕಿದ ಕಥೆ. ಅದಕ್ಕೆ ಮುಂಚೆ ಅಂಥ ಕಾಲಯಂತ್ರವನ್ನು ನಮ್ಮ ತೆರೆಯ ಮೇಲೆ ಯಾರೂ ಪ್ರೀತಿಸಿರಲಿಲ್ಲ, ಆದ್ದರಿಂದ ಯಾರ ನೆನಪಿಗೂ ಧಕ್ಕೆಯಿಲ್ಲ. ನಾವು ಚರ್ಚಿಸುತ್ತಿರುವುದು ಬೇರೆಯವರು ಕಟ್ಟಿ, ಮೂರು ತಲೆಮಾರು ಬಾಳಿದ ಮನೆಗೆ ಹೊಸಬ ಬರುವ ವಿಚಾರ.

‘ಹಾಲು ಜೇನು’ ಎತ್ತಿದ್ದು ಒಳ್ಳೆಯದೇ ಆಯಿತು. ವೈಟಿಟಿಯವರ ‘ಥಾರ್: ಲವ್ ಅಂಡ್ ಥಂಡರ್’ (2022) ಚಿತ್ರದಲ್ಲೂ ನಾಯಕಿಗೆ ಕ್ಯಾನ್ಸರ್. ಜೇನ್ ಕೀಮೋಥೆರಪಿಯ ಕುರ್ಚಿಯಲ್ಲಿ ಕೂತಿರುತ್ತಾಳೆ. ಇನ್ನೊಂದು ಕಡೆ ಎರಡು ದೈತ್ಯ ಆಡುಗಳು ಮನುಷ್ಯರಂತೆ ಕಿರುಚುತ್ತವೆ. ಕಿರುಚುತ್ತಲೇ ಇರುತ್ತವೆ, ಇಡೀ ಚಿತ್ರ. ರಂಗನ ಸುಳ್ಳು ನಗಿಸಿದಷ್ಟೂ ಕಾಯಿಲೆ ಹತ್ತಿರ ಬರುತ್ತದೆ, ಆಡು ಕಿರುಚಿದಷ್ಟೂ ದೂರ ಹೋಗುತ್ತದೆ. ಈ ವ್ಯತ್ಯಾಸ ಕೌಶಲದ್ದು ಮಾತ್ರ ಎಂದು ನನಗೆ ಅನ್ನಿಸುವುದಿಲ್ಲ. ರಂಗ ಮೊದಲ ಬಾರಿಗೆ ತೆರೆಗೆ ಬಂದವನು, ಅವನ ನಗೆಯ ಅಳತೆಯನ್ನು ನಿರ್ದೇಶಕರೇ ಗೊತ್ತು ಮಾಡಿದ್ದರು. ಜೇನ್ ಬೇರೆ ಚಿತ್ರಗಳಿಂದ ಬಂದವಳು. ಅವಳ ಕಥೆಗೆ ಅವಳದೇ ಒಂದು ತೂಕವಿತ್ತು. ಹೊಸಬರು ತಮ್ಮ ತಕ್ಕಡಿಯಲ್ಲಿ ತೂಗಿದರು.

ವೈಜ್ಞಾನಿಕ ಕಥೆಗೆ ಇನ್ನೊಂದು ಕಷ್ಟವಿದೆ. ಅದು ನಿಂತಿರುವುದೇ ನಂಬಿಕೆಯ ಮೇಲೆ. ನಮ್ಮ ಕನ್ನಡದ್ದೇ ಉದಾಹರಣೆ ಕೊಡುತ್ತೇನೆ. ದೊರೆ–ಭಗವಾನ್ ಜೋಡಿಯ ಸಿಐಡಿ 999 ಸರಣಿ. 1968ರಲ್ಲಿ ‘ಜೇಡರ ಬಲೆ’, ಅದೇ ವರ್ಷ ಗೋವಾದ್ದು, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್’, 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ‘ಜೇಡರ ಬಲೆ’ಯಲ್ಲಿ ಯಾವ ಲೋಹವನ್ನಾದರೂ ಚಿನ್ನ ಮಾಡುವ ಸೂತ್ರವೊಂದನ್ನು ವಿಜ್ಞಾನಿ ಕಂಡುಹಿಡಿಯುತ್ತಾನೆ, ಕೊಲೆಗಳಾಗುವುದು ಅದಕ್ಕಾಗಿ. ಹಟ್ಟಿಯ ಜಿಲ್ಲೆಯವನಿಗೆ, ತನ್ನದೇ ತಾಲ್ಲೂಕಿನ ಊಟಿಯಲ್ಲಿ ಚಿನ್ನದ ಗಣಿ ಇರುವವನಿಗೆ ಇದನ್ನು ಹೇಳಿದರೆ ಹೇಗೆ? ಇಲ್ಲಿ ಒಂದು ಟನ್ ಕಲ್ಲು ಅರೆದರೆ ಕೈಗೆ ಬರುವುದು ಕೆಲವೇ ಗ್ರಾಂ. ಭೌತಶಾಸ್ತ್ರ ಪಾಠ ಮಾಡಿದ ನನಗೆ ಆ ಸೂತ್ರ ಸುಳ್ಳೆಂದು ಗೊತ್ತು. ಆದರೂ ಚಿತ್ರ ಮುಗಿಯುವ ತನಕ ನಂಬಿದೆ. ಯಾಕೆಂದರೆ ದೊರೆ–ಭಗವಾನ್ ನಂಬಿದ್ದರು, ರಾಜ್‌ಕುಮಾರ್ ಪಿಸ್ತೂಲು ಹಿಡಿದಾಗ ಅವರ ಕಣ್ಣಲ್ಲಿ ತಮಾಷೆ ಇರಲಿಲ್ಲ. ನರಸಿಂಹರಾಜು ನಗಿಸುತ್ತಿದ್ದರು, ಅದು ಸಾರಥಿಯ ಕೆಲಸ. ಇವತ್ತು ಅದೇ ಸರಣಿಯನ್ನು ಚೇಷ್ಟೆಯ ನಿರ್ದೇಶಕರೊಬ್ಬರಿಗೆ ಕೊಡಿ. ಮೊದಲ ದೃಶ್ಯದಲ್ಲೇ ಅವರು ಪ್ರೇಕ್ಷಕರಿಗೆ ಕಣ್ಣು ಹೊಡೆಯುತ್ತಾರೆ. ‘ಡೈಮಂಡ್ ರಾಕೆಟ್’ನಲ್ಲಿ ಅಣ್ಣಾವ್ರು ಹಾಡಿದ ಇಂಗ್ಲಿಷ್ ಹಾಡನ್ನು ಈಗಿನ ಹುಡುಗರು ಮೊಬೈಲಿನಲ್ಲಿ ತಮಾಷೆಗೆ ಹಾಕಿಕೊಳ್ಳುತ್ತಾರಲ್ಲ, ಇಡೀ ಚಿತ್ರ ಹಾಗಾಗುತ್ತದೆ. ಒಂದು ಸಂಜೆ ನಗು ಬರುತ್ತದೆ, ಸರಿ. ಆಮೇಲೆ ಆ ಸೂತ್ರವನ್ನು ನಂಬಿಸುವುದು ಮುಂದಿನ ನಿರ್ದೇಶಕರಿಗೆ ಎಂದಾದರೂ ಸಾಧ್ಯವೇ?

‘ಸೋಲೋ’ ಸೋತದ್ದಕ್ಕೆ ಗಂಭೀರತೆಯೇ ಕಾರಣ ಎನ್ನುವುದು ಅಂಗಡಿಯ ಲೆಕ್ಕ. ಅರ್ಧ ಮಾಡಿದ ಅಡುಗೆಗೆ ಇನ್ನೊಬ್ಬರು ಒಗ್ಗರಣೆ ಹಾಕಿದರೆ ಯಾರು ಹಾಕಿದರೂ ಅಷ್ಟೇ.

ಮಾನ್ವಿಯಿಂದ ಮರುಮಾತು

ಸರ್ ಹೇಳಿದ್ದರಲ್ಲಿ ಸಿಐಡಿ 999ರ ಮಾತು ಮನಸ್ಸಿಗೆ ತಾಗಿತು, ಅದಕ್ಕೆ ನನ್ನ ಹತ್ತಿರ ಪೂರಾ ಉತ್ತರವಿಲ್ಲ. ಬೇರೆಯವರ ಮನೆ ಎಂಬ ಮಾತಿಗೆ ಇದೆ.

ಡಾ. ರಾಜ್ ಮನೆಯವರು ಹಿರಿಮಗನ ಮೊದಲ ಚಿತ್ರ ‘ಆನಂದ್’ (1986) ಅನ್ನು ಒಪ್ಪಿಸಿದ್ದು ಸಿಂಗೀತಂ ಅವರಿಗೆ. 1995ರಲ್ಲಿ ‘ಓಂ’ ಅನ್ನು ಕೊಟ್ಟದ್ದು ಉಪೇಂದ್ರ ಅವರಿಗೆ. ‘ತರ್ಲೆ ನನ್ ಮಗ’ದಿಂದ ನಿರ್ದೇಶಕರಾದವರು, ಕಾಶಿನಾಥ್ ಗರಡಿಯವರು. ಆ ಮನೆಗಿಂತ ಹೆಚ್ಚು ಜನರ ನೆನಪು ತುಂಬಿಕೊಂಡ ಮನೆ ಕನ್ನಡದಲ್ಲಿ ಎಲ್ಲಿದೆ? ‘ಓಂ’ನಲ್ಲಿ ಉಪೇಂದ್ರ ಹಾಸ್ಯ ಬಿಟ್ಟು ಬಂದರು ಎಂದು ಸರ್ ಅನ್ನಬಹುದು. ಬೇಕಾದಾಗ ಬಿಡಲು ಬರುತ್ತದೆ ಎಂಬುದೇ ನನ್ನ ವಾದ.

ವೈಟಿಟಿಯವರೂ ‘ಸ್ಟಾರ್ ವಾರ್ಸ್’ ಮನೆಗೆ ಆಗಲೇ ಒಮ್ಮೆ ಹೋಗಿ ಬಂದವರು. 2019ರ ‘ದ ಮ್ಯಾಂಡಲೋರಿಯನ್’ ಮೊದಲ ಸರಣಿಯ ಕೊನೆಯ ಕಂತು ಅವರದು. ಶುರುವಿನಲ್ಲಿ ಇಬ್ಬರು ಸಿಪಾಯಿಗಳು ಸಣ್ಣ ಗುರಿಯೊಂದಕ್ಕೆ ಗುಂಡು ಹೊಡೆಯಲು ಹೋಗಿ ತಪ್ಪುತ್ತಲೇ ಇರುತ್ತಾರೆ. ಕೊನೆಯಲ್ಲಿ ಮಗುವನ್ನು ಕಾಯುವ ಯಂತ್ರವೊಂದು, ಉಳಿದವರು ಪಾರಾಗಲೆಂದು ತನ್ನನ್ನೇ ಸಿಡಿಸಿಕೊಳ್ಳುತ್ತದೆ. ಆ ಯಂತ್ರಕ್ಕೂ ನಿರ್ದೇಶಕರದೇ ದನಿ. ಆಗ ಅವರು ಒಂದು ಚೇಷ್ಟೆಯನ್ನೂ ನಡುವೆ ತರಲಿಲ್ಲ. ಮಾಸ್ತರರೇ ಸಾರಥಿಯಾದರೂ ಪದ ಎತ್ತುವ ಹೊತ್ತು ಮರೆಯಲಿಲ್ಲ.

ಆಡುಗಳ ವಿಷಯಕ್ಕೆ ಕೊನೆಯದಾಗಿ ಒಂದು ತಾರೀಖು. ಹಿಟ್ಲರನ ಕಾಲದ ಒಬ್ಬ ಹುಡುಗನ ಕಥೆ ಹೇಳುವ ‘ಜೋಜೋ ರಾಬಿಟ್’ಗೆ ವೈಟಿಟಿಯವರಿಗೆ ಚಿತ್ರಕಥೆಯ ಆಸ್ಕರ್ ಬಂದದ್ದು 2020ರ ಫೆಬ್ರವರಿಯಲ್ಲಿ. ‘ಸ್ಟಾರ್ ವಾರ್ಸ್’ ಘೋಷಣೆ ಅದಾದ ಮೂರು ತಿಂಗಳಿಗೆ. ಕೊಡುವವರ ಮುಂದೆ ಇದ್ದದ್ದು ಆ ಚಿತ್ರ, ಸರ್. ನಿಮ್ಮ ಆಡುಗಳು ಆಗಿನ್ನೂ ಹುಟ್ಟೇ ಇರಲಿಲ್ಲ.